ಮಣ್ಣಿಗೆ ಮುಟ್ಟುವ ದೂರ

ಮೊನ್ನೆ ಬೆಳಿಗ್ಗೆ ಪತ್ರಿಕೆಯ ಮುಖಪುಟದ ಅರ್ಧವನ್ನು ಒಂದು ವಿಮಾನ ಕಂಪನಿಯ ಜಾಹೀರಾತು ನುಂಗಿ ಕೂತಿತ್ತು. ನೀಲಿ ಆಕಾಶ, ಬಿಳಿ ರೆಕ್ಕೆ, ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ಹೈದರಾಬಾದಿನಿಂದ ಬೆಂಗಳೂರಿಗೆ ಬರೀ ಒಂದು ಗಂಟೆ ಹತ್ತು ನಿಮಿಷ. ಸುದ್ದಿಮನೆಯ ಮೇಜಿಗೆ ಇಡೀ ಉದ್ಯೋಗಕಾಲವನ್ನು ಒಪ್ಪಿಸಿ ಬಂದವನು ನಾನು. ಕೈ ತಾನಾಗಿಯೇ ಕೆಂಪು ಪೆನ್ನಿಗೆ ತಡಕಾಡಿತು. ಎಲ್ಲಿಂದ ಎಲ್ಲಿಗೆ? ಹೊಸ್ತಿಲಿನಿಂದ ಹೊಸ್ತಿಲಿಗೋ, ರನ್‌ವೇಯಿಂದ ರನ್‌ವೇಗೋ? ಹೈದರಾಬಾದಿನ ಈ ನನ್ನ ಮನೆಯಿಂದ ವಿಮಾನ ನಿಲ್ದಾಣದ ಬಾಗಿಲು ಮುಟ್ಟಲಿಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗೆಂದು ಗೊಣಗಿದೆ. ಮೊಮ್ಮಗಳು ತಲೆ ಎತ್ತದೆ, "ಮುತ್ಯಾ, ಅದು ಜಾಹೀರಾತು, ಸುದ್ದಿ ಅಲ್ಲ," ಎಂದಳು.

ಅವಳ ಮಾತು ಸರಿ. ಆದರೆ ದೂರದ ವಿಷಯ ಬಂದರೆ ನನಗೆ ಜಾಹೀರಾತನ್ನೂ ಸುಮ್ಮನೆ ಓದಿ ಮಡಚಿಡಲಾಗುವುದಿಲ್ಲ. ಇದಕ್ಕೆ ಕಾರಣ ನನ್ನ ಅವ್ವ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಮೈಲಿ ಕಿಲೋಮೀಟರು ಗೊತ್ತಿರಲಿಲ್ಲ. ಆದರೂ ದೂರವನ್ನು ಅವಳಷ್ಟು ಖಚಿತವಾಗಿ ಅಳೆದವರನ್ನು ನಾನು ಕಂಡಿಲ್ಲ.

ನಮ್ಮದು ಶಹಾಪುರ. ಸುರಪುರಕ್ಕೂ ಯಾದಗಿರಿಗೂ ನಡುವೆ, ಎರಡೂ ಕಡೆಯ ಬಸ್ಸುಗಳು ನಿಂತು ಉಸಿರು ತೆಗೆದುಕೊಳ್ಳುವ ಊರು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಆ ಇಡೀ ಕಾರ್ಯಕ್ಕೆ ಮಣ್ಣು ಎಂದೇ ಹೆಸರು. ಮಣ್ಣಿಗೆ ಹೋಗಿ ಬಂದೆ ಎನ್ನುತ್ತೇವೆ, ಮಣ್ಣಿಗೆ ಸಿಗಲಿಲ್ಲ ಎನ್ನುತ್ತೇವೆ. ಜೀವ ಹೋದ ಮೇಲೆ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ರಾತ್ರಿಯೆಲ್ಲ ಭಜನೆ. ಮರುದಿನ ಹೊತ್ತೇರುವುದರೊಳಗೆ ಎತ್ತುತ್ತಾರೆ. ಅಷ್ಟರೊಳಗೆ ಬಂದು ಮುಖ ನೋಡುವಷ್ಟು ಅಂತರದಲ್ಲಿ ಇರುವವರು ಹತ್ತಿರದವರು. ಉಳಿದವರು ದೂರದವರು. ಅವ್ವನ ಭೂಗೋಳದಲ್ಲಿ ಇದ್ದದ್ದು ಈ ಎರಡೇ ಖಂಡಗಳು.

ಈ ಅಳತೆ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳ ತವರು ಕೊಡೇಕಲ್. ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಅವಳ ತಾಯಿ ತೀರಿಕೊಂಡಳು. ಸುದ್ದಿ ಬಂದ ಗಳಿಗೆಯೇ ಬಂಡಿ ಕಟ್ಟಿದರಂತೆ. ಸುರಪುರ ದಾಟಿದ ಮೇಲೆ ಒಂದು ಹಳ್ಳ ತುಂಬಿ ಬಂದು ಬಂಡಿ ಈಚೆ ದಡದಲ್ಲೇ ನಿಂತಿತು. ನೀರು ಇಳಿದು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಬಾಗಿಲಲ್ಲಿ ಕೂತ ಹೆಂಗಸರಲ್ಲಿ ಒಬ್ಬಳು, "ಈಗ ಬಂದೇನವ್ವಾ? ಇನ್ನಾ ಸಾವಕಾಶ ಬರಬೇಕಿತ್ತು," ಎಂದಳಂತೆ. ಇದನ್ನು ನನಗೆ ಹೇಳಿದ್ದು ಅವ್ವ ಅಲ್ಲ, ಅವಳ ಅಣ್ಣ, ನನ್ನ ಸೋದರಮಾವ. ಅವ್ವ ಆ ಮಾತನ್ನು ಬಾಯಿಗೆ ತಂದವಳೇ ಅಲ್ಲ. ಆದರೆ ಅಂದಿನಿಂದ ಅವಳು ಯಾವ ಊರಿನ ಹೆಸರು ಕೇಳಿದರೂ ಮೊದಲು ನಡುವಿನ ಹಳ್ಳಗಳನ್ನು ಎಣಿಸುತ್ತಿದ್ದಳು.

ಅಕ್ಕನನ್ನು ಹೈದರಾಬಾದಿನ ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಕೊಡುವ ಮಾತು ಬಂದಾಗ ಅವ್ವ ಹುಡುಗನ ಸಂಬಳ ಕೇಳಲಿಲ್ಲ, ರೈಲುಗಾಡಿಯ ವೇಳೆ ಕೇಳಿದಳು. ಸಂಜೆ ಸಾವಿನ ತಂತಿ, ಅಂದರೆ ತಾರು, ಮುಟ್ಟಿದರೆ ರಾತ್ರಿ ಗಾಡಿ, ವಾಡಿಯಲ್ಲಿ ಬದಲಿ, ಬೆಳಗಿಗೆ ಯಾದಗಿರಿ, ಅಲ್ಲಿಂದ ಬಸ್ಸು. ಹೊತ್ತೇರುವುದರೊಳಗೆ ಶಹಾಪುರ. ಮನಸ್ಸಿನಲ್ಲೇ ಒಮ್ಮೆ ಪ್ರಯಾಣ ಮಾಡಿ ಮುಗಿಸಿ, ಆಗಲಿ ಎಂದಳು. ಭಾವನವರಿಗೆ ತಾವು ಯಾವ ಪರೀಕ್ಷೆಯಲ್ಲಿ ಪಾಸಾದೆವೆಂಬುದು ಬಹಳ ದಿನ ತಿಳಿದಿರಲಿಲ್ಲ. ಅವರು ಗುರುಮಠಕಲ್ಲಿನವರು, ಮಿದು ಮಾತಿನ ಮನುಷ್ಯ. ಸಿಟ್ಟು ಬಂದರೆ ಮಾತ್ರ ತೆಲುಗಿಗೆ ಇಳಿಯುತ್ತಿದ್ದರು.

ಆಮೇಲೆ ಏಕೀಕರಣ ಬಂತು. ಹೈದರಾಬಾದ್ ರಾಜ್ಯ ಮೂರು ಪಾಲಾಗಿ ನಮ್ಮ ಸೀಮೆ ಮೈಸೂರಿಗೆ ಸೇರಿತು. ನಾನು ಆಗಷ್ಟೇ ಹೈದರಾಬಾದಿನ ಒಂದು ಪತ್ರಿಕೆಯಲ್ಲಿ ಸಣ್ಣ ಕೆಲಸಕ್ಕೆ ಸೇರಿದ್ದೆ. ಯಾವ ಜಿಲ್ಲೆ ಯಾವ ಕಡೆ ಎಂಬ ಸುದ್ದಿಯನ್ನು ತಿದ್ದಿ ಕೊಡುವಾಗ ನನಗೆ ಹೊಳೆದದ್ದು ಶೀರ್ಷಿಕೆ ಎಷ್ಟು ಕಾಲಮ್ಮು ಎಂಬುದಷ್ಟೇ. ಕನ್ನಡದವರೆಲ್ಲ ಒಂದಾದೆವೆಂದು ಊರಿನಲ್ಲಿ ಪೇಢೆ ಹಂಚಿದರು. ಅವ್ವನೂ ತಿಂದಳು. ತಿಂಗಳೊಪ್ಪತ್ತಿನಲ್ಲಿ ಗೊತ್ತಾಯಿತು: ಕನ್ನಡ ಜಿಲ್ಲೆಯ ನೌಕರರೆಂದು ಭಾವನವರನ್ನು ಮೈಸೂರು ರಾಜ್ಯಕ್ಕೆ ಹಂಚಿದ್ದಾರೆ, ಅವರು ಬೆಂಗಳೂರಿಗೆ ಹೋಗಬೇಕು. ಅಕ್ಕ ಆಗ ಬಾಣಂತನಕ್ಕೆಂದು ಶಹಾಪುರದಲ್ಲಿದ್ದಳು. ಹೈದರಾಬಾದಿನಿಂದ ತವರಿಗೆ ಬಂದ ಮಗಳನ್ನು ಈಗ ಬೆಂಗಳೂರಿಗೆ ಕಳಿಸಬೇಕು.

ಅವ್ವ ಕಳಿಸಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಮೊದಲು ಕೂಸಿಗೆ ಕುತ್ತಿಗೆ ನಿಲ್ಲಲಿ ಎಂದಳು, ಆಮೇಲೆ ಬಿಸಿಲು ಇಳಿಯಲಿ ಎಂದಳು, ಆಮೇಲೆ ಹಲ್ಲು ಬರಲಿ ಎಂದಳು. ಹಲ್ಲು ಬಂದವು. ಆಗ ಬೆಂಗಳೂರು ದಕ್ಷಿಣಕ್ಕಿದೆ, ದಕ್ಷಿಣ ಯಮನ ದಿಕ್ಕು, ಕಳಿಸಲಿಕ್ಕೆ ಒಳ್ಳೆಯ ವಾರ ಸಿಗುತ್ತಿಲ್ಲ ಎಂದಳು. ಭಾವ ಎರಡು ಸಲ ಬಂದು ಬರಿಗೈಯಲ್ಲಿ ಹೋದರು; ಎರಡೂ ಸಲ ನಾನೂ ರಜೆ ಹಾಕಿ ಊರಿಗೆ ಬಂದಿದ್ದೆ. ಅತ್ತೆ ಅಳಿಯ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲ ಮರೆಯಿಂದ, "ಇನ್ನೊಂದು ತಿಂಗಳ ಇರಲಿ ಅಂತ ಹೇಳು ಅವರಿಗೆ," ಎನ್ನುವಳು. ಅವರು ನನ್ನನ್ನು ನೋಡುತ್ತ, "ಕೂಸಿನ ಮುಖಾನs ಮರ್ತು ಹೋಗ್ಯಾದ ಅಂತ ಹೇಳ್ರಿ," ಎನ್ನುವರು. ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿತ್ತು. ಆದರೂ ನಾನು ಒಂದು ಕಡೆಯ ಹೇಳಿಕೆಯನ್ನು ಇನ್ನೊಂದು ಕಡೆಗೆ ಮುಟ್ಟಿಸುತ್ತಿದ್ದೆ. ವರದಿಗಾರಿಕೆಯ ಮೊದಲ ಪಾಠ ನನಗೆ ಆಗಿದ್ದು ಅಲ್ಲಿ.

ಅಕ್ಕನ ಅವಸ್ಥೆ ಹೇಳುವಂತಿರಲಿಲ್ಲ. ಹೋಗುತ್ತೇನೆ ಎಂದರೆ ತಾಯಿಯನ್ನು ಬಿಟ್ಟಳು ಎಂಬ ಮಾತು, ಇರುತ್ತೇನೆ ಎಂದರೆ ಗಂಡನನ್ನು ಬಿಟ್ಟಳು ಎಂಬ ಮಾತು. ಅವಳು ಕೂಸಿನ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕುವಳು, ಎರಡು ದಿನ ಬಿಟ್ಟು ತೆಗೆಯುವಳು. ಓಣಿಯಲ್ಲಿ ಆಗಲೇ ಪಿಸುಮಾತು ಶುರುವಾಗಿತ್ತು.

ಮೂರನೆಯ ಸಲ ಭಾವ ಬಂದಾಗ ಸೋದರಮಾವ ಸುರಪುರದಿಂದ ಬಂದು ಪಂಚಾಯ್ತಿಗೆ ಕೂತ. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿದ್ದರಿಂದ ಅವನೇ ಮನೆಗೆ ಹಿರಿಯ. ಸುರಪುರದಲ್ಲಿ ಅವನದು ಶೇಂಗಾ ವ್ಯಾಪಾರ. ಒಮ್ಮೆ ಹೈದರಾಬಾದಿಗೆ ಬಂದಾಗ ಬೇಗಂಪೇಟೆ ವಿಮಾನ ನಿಲ್ದಾಣದ ಗೋಡೆಯಾಚೆ ನಿಂತು ಒಂದು ವಿಮಾನ ಏರುವುದನ್ನು ನೋಡಿದ್ದ. ಅಂದಿನಿಂದ ವಿಮಾನಗಳ ವಿಷಯದಲ್ಲಿ ಅವನ ಮಾತೇ ಕೊನೆಯದು. "ಬೆಂಗಳೂರು ಎಲ್ಲಿ ದೂರ ಅದವ? ಹವಾಯಿ ಜಹಾಜದಾಗ ಕುಂತ್ರ ಹೈದರಾಬಾದಿನಿಂದ ಎರಡು ತಾಸು. ಇಲ್ಲಿ ರೊಟ್ಟಿ ಬಡಿಯಾಕ ಕುಂತು ಏಳೂದರಾಗ ಅಲ್ಲಿ ಇಳದಿರ್ತಾರ," ಎಂದ.

ನನಗೆ ಇಂಥ ಮಾತು ಸಹಿಸದು. ನಾನು ಪತ್ರಿಕೆಯವನು, ಲೆಕ್ಕ ಸರಿಯಿರಬೇಕು. ಹೈದರಾಬಾದಿನಿಂದ ತಂದಿದ್ದ ನಕಾಶೆಯನ್ನು ನೆಲದ ಮೇಲೆ ಹಾಸಿ ಅಡಿಪಟ್ಟಿ ಇಟ್ಟೆ. ಶಹಾಪುರದಿಂದ ಹೈದರಾಬಾದಿಗೆ ಒಂದು ನೇರ ಗೆರೆ, ಬೆಂಗಳೂರಿಗೆ ಇನ್ನೊಂದು. ಎರಡನೆಯದು ಮೊದಲನೆಯದರ ಸುಮಾರು ಎರಡು ಪಟ್ಟು. ಇದನ್ನು ನಾನು ಜಡ್ಜ್‌ಮೆಂಟ್ ಓದುವವನ ಹಾಗೆ ಎದ್ದು ನಿಂತು ಹೇಳಿದೆ ಎಂದು ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ.

ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಅಳಿಯ ಕೂತಿರುವಾಗ ಅವಳು ಪಡಸಾಲೆಗೆ ಬಂದದ್ದು ಅದೇ ಮೊದಲು. ಸೆರಗು ಎಳೆದುಕೊಂಡು ನಕಾಶೆಯನ್ನು ನೋಡಿದಳು. ನನ್ನ ಗೆರೆಯ ಮೇಲೆ ಬೆರಳಿಟ್ಟು, "ಇದರ ಮ್ಯಾಲ ಯಾರು ನಡೀತಾರ?" ಎಂದಳು. ಯಾರೂ ನಡೆಯುವುದಿಲ್ಲ, ಅದು ಹಾರುವ ದೂರ ಎಂದೆ. ಅಣ್ಣನ ಕಡೆ ತಿರುಗಿ, ನಿನ್ನ ಜಹಾಜು ಶಹಾಪುರದಲ್ಲಿ ಎಲ್ಲಿ ಇಳಿಯುತ್ತದೆ ಎಂದು ಕೇಳಿದಳು. ಮಾವ ಗೋಡೆ ನೋಡಿದ. ಆಗ ಅವಳು ಅಷ್ಟು ತಿಂಗಳು ಹೇಳದ ಮಾತನ್ನು ಹೇಳಿದಳು.

"ಕಳಸಬಾರದು ಅಂತಲ್ಲಪಾ. ನನ್ನ ಮಣ್ಣಿಗೆ ಆಕಿ ಮುಟ್ತಾಳೋ ಇಲ್ಲೋ, ಅಷ್ಟು ಹೇಳ್ರಿ ಸಾಕು."

ಗಟ್ಟಿಮುಟ್ಟಾಗಿದ್ದ ಹೆಂಗಸು, ತಲೆಯಲ್ಲಿ ಇನ್ನೂ ಬಿಳಿ ಕೂದಲು ಮೂಡಿರಲಿಲ್ಲ. ಈಗ್ಯಾಕೆ ಈ ಮಾತು ಎಂದು ಮಾವ ಗದರಿದ. ಭಾವ ಮಾತ್ರ ತಲೆ ತಗ್ಗಿಸಿ ಬಹಳ ಹೊತ್ತು ಲೆಕ್ಕ ಹಾಕಿ, ನನ್ನ ಮೂಲಕವೇ ಹೇಳಿದರು: "ನನಗ ಗೊತ್ತಿಲ್ಲರಿ. ಸುಳ್ಳು ಹೇಳಾಂಗಿಲ್ಲ." ಅವ್ವ ಅವರ ಕಡೆ ಒಂದು ಸಲ ನೋಡಿದಳು. "ಹಂಗಾದ್ರ ನಾನs ಹೋಗಿ ನೋಡಿ ಬರ್ತೀನಿ," ಎಂದಳು.

ಭಾವ ರಜೆ ಮುಗಿದು ಮುಂದೆ ಹೋದರು. ವಾರ ಕಳೆದು ನಾವು ಹೊರಟೆವು: ಅವ್ವ, ಅಕ್ಕ, ಕೂಸು, ಗಂಡುದಿಕ್ಕಿಗೆಂದು ನಾನು. ಬಸ್ಸು ಶಹಾಪುರ ಬಿಡುತ್ತಿದ್ದಂತೆ ಅವ್ವ ನನ್ನ ಮೊಳಕೈ ತಿವಿದು, "ತಿಳಕೋ, ಈಗ ನನ್ನ ಜೀವ ಹೋತು. ಇಲ್ಲಿಂದ ಲೆಕ್ಕ," ಎಂದಳು. ಅಕ್ಕ, ಬಿಡ್ತು ಅನ್ನು ಎಂದು ಬೈದಳು. ಅವ್ವ ಬಿಡ್ತು ಅನ್ನಲಿಲ್ಲ. ಯಾದಗಿರಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಇಷ್ಟೊತ್ತಿಗೆ ತಾರು ಬಡಿದಿರ್ತಾರೆ ಎಂದಳು. ಗಾಡಿ ಕೃಷ್ಣೆಯ ಸೇತುವೆ ದಾಟುವಾಗ ಕೈ ಮುಗಿದು, ಈಗ ನನ್ನ ಮೈ ತೊಳೆದರು ಎಂದಳು. ರಾಯಚೂರಿನಲ್ಲಿ ಅವಳನ್ನು ಕೂಡಿಸಿಯಾಗಿತ್ತು.

ಈ ಪ್ರಯಾಣವನ್ನು ನೀವು ಕಣ್ಣಿಗೆ ತಂದುಕೊಳ್ಳಬೇಕು. ಹೆಂಗಸೊಬ್ಬಳು ಮೊಮ್ಮಗಳಿಗೆ ರೊಟ್ಟಿ ನೆನೆಸಿ ತಿನ್ನಿಸುತ್ತ, ಸಹಜವಾದ ದನಿಯಲ್ಲಿ, ತನ್ನ ಸಾವಿನ ಕಾರ್ಯ ಎಲ್ಲಿಗೆ ಬಂತೆಂದು ಸ್ಟೇಷನ್ನಿಗೊಮ್ಮೆ ಹೇಳುತ್ತಿದ್ದಾಳೆ. ಆದವಾನಿಯಲ್ಲಿ ಹತ್ತಿದ ಒಬ್ಬಾಕೆ ಕೇಳಿ ಕೇಳಿ ತಾಳಲಾರದೆ, ಅಯ್ಯೋ ಪಾಪ, ಯಾರು ಹೋದರಮ್ಮಾ ಎಂದು ವಿಚಾರಿಸಿದಳು. ಅವ್ವ, "ನಾನs," ಎಂದಳು. ಆಕೆ ತನ್ನ ಗಂಟು ಎತ್ತಿಕೊಂಡು ಆಚೆ ಬೆಂಚಿಗೆ ಹೋಗಿ ಕೂತಳು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗ.

ಹೊತ್ತು ಮುಳುಗುವಾಗ ಗುಂತಕಲ್ಲು ಬಂತು. ಅಲ್ಲಿ ದೊಡ್ಡ ಹಳಿಯ ಗಾಡಿ ಬಿಟ್ಟು ಬೆಂಗಳೂರಿನ ಸಣ್ಣ ಹಳಿಯ ಗಾಡಿಗೆ ಕಾಯಬೇಕು. ಟ್ರಂಕಿನ ಮೇಲೆ ಕೂತ ಅವ್ವ, ಈಗ ಭಜನೆಗೆ ಕೂತಿರುತ್ತಾರೆ ಎಂದಳು. ಎದುರುಮನೆಯ ಗುರಮ್ಮ ಮೊದಲ ಸಾಲನ್ನೇ ರಾಗ ತಪ್ಪಿಸುತ್ತಾಳೆ, ತಾನು ಎದ್ದು ತಿದ್ದುವಂತಿಲ್ಲ ಎಂದು ಅವಳಿಗೆ ನಿಜವಾಗಿಯೂ ಬೇಸರವಾಯಿತು.

ಬೆಳಕು ಹರಿದು ಬಿಸಿಲು ಬಿದ್ದಾಗ ಗಾಡಿ ಹಿಂದೂಪುರದಲ್ಲಿ ನಿಂತಿತ್ತು. ಅವ್ವ ಕಿಟಕಿಯಿಂದ ಸೂರ್ಯನನ್ನು ನೋಡಿದಳು. ಬೆಂಗಳೂರು ಇನ್ನೂ ಎಷ್ಟು ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತ ಕೂತು, "ಎತ್ತಿದರು," ಎಂದಳು. ಅಕ್ಕನ ಮುಖದ ಕಡೆ ನನಗೆ ನೋಡಲಾಗಲಿಲ್ಲ. ಉತ್ತರ ಸಿಕ್ಕಿತ್ತು; ಅದು ಯಾರಿಗೂ ಬೇಕಾದ ಉತ್ತರವಾಗಿರಲಿಲ್ಲ. ಇಲ್ಲಿಂದಲೇ ಮಗಳನ್ನು ಕರೆದುಕೊಂಡು ತಿರುಗಿ ಹೋಗೋಣ ಎಂದರೆ ಏನು ಮಾಡುವುದೆಂದು ನಾನು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಕಿಟಕಿಯಾಚೆ ಚಹಾದವನು ಕೂಗುತ್ತ ಬಂದ. ಅವ್ವ ಜೀವಮಾನದಲ್ಲಿ ಹೊರಗಿನವರ ಕೈಯಿಂದ ಒಂದು ಗುಟುಕು ನೀರು ಕುಡಿದವಳಲ್ಲ. ಅವಳು ಕೈ ಚಾಚಿ ಅವನನ್ನು ಕರೆದಳು. ನಾವು ಕಣ್ಣು ಬಿಟ್ಟು ನೋಡುತ್ತಿದ್ದರೆ, ಮಣ್ಣಾದ ಮೇಲೆ ಇನ್ನೇನು ಕಟ್ಟುನಿಟ್ಟು ಎಂದು, ಎರಡೂ ಕೈಯಲ್ಲಿ ಲೋಟ ಹಿಡಿದು ಊದಿ ಊದಿ ಕುಡಿದಳು. ಇನ್ನೊಂದು ತರಿಸಿದಳು.

ಬೆಂಗಳೂರಿನಲ್ಲಿ ಅವ್ವ ಇಪ್ಪತ್ತು ದಿನ ಇದ್ದಳು. ಭಾವ ಹಿಡಿದಿದ್ದ ಮನೆ ವಠಾರದ ಕೊನೆಯದು. ಅಲ್ಲಿಯ ಹೆಂಗಸರು ಅವಳ ಮಾತು ಕೇಳಿ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡರು. ಅವರು ಮಾತಾಡಿದರೆ ಯಾರಿಗೋ ಹುಷಾರಿಲ್ಲ ಎಂದು ಅವ್ವ ತಿಳಿಯುತ್ತಿದ್ದಳು. ವಾರದಲ್ಲಿ ಇಬ್ಬರಿಗೂ ರೂಢಿಯಾಯಿತು. ಅವ್ವ ಅವರಿಗೆ ಖಡಕ್ ರೊಟ್ಟಿ ಬಡಿಯುವುದನ್ನು ಕಲಿಸಲು ಹೋಗಿ ಸೋತಳು. ಸಂಜೆ ಭಾವ ಕಚೇರಿಯಿಂದ ಬಂದರೆ ಕೂಸು ತೆವಳುತ್ತ ಬಾಗಿಲಿಗೆ ಹೋಗುತ್ತಿತ್ತು. ಅವ್ವ ಅದನ್ನು ಮೂಲೆಯಲ್ಲಿ ಕೂತು ನೋಡುತ್ತಿದ್ದಳು.

ಹೊರಡುವ ದಿನ ಅಕ್ಕನನ್ನು ಎದುರಿಗೆ ಕೂಡಿಸಿಕೊಂಡಳು.

"ನೋಡು, ನಾ ಅಳದು ನೋಡೀನಿ. ನನ್ನ ಮಣ್ಣಿಗೆ ನೀ ಮುಟ್ಟಾಂಗಿಲ್ಲ. ಓಡಿ ಬರಬ್ಯಾಡ, ದಾರ್‍ಯಾಗ ಎದಿ ಒಡ್ಕೊಬ್ಯಾಡ. ಸತ್ತ ಮ್ಯಾಲ ನನಗ ಮಕ್ಕಳೇನು ಬೇಕಾಗಾಂಗಿಲ್ಲ. ಇದ್ದಾಗ ಬಾ."

ಅಕ್ಕ ಅವಳ ತೊಡೆಯ ಮೇಲೆ ತಲೆ ಇಟ್ಟಳು. ಅವ್ವ ಅವಳ ತಲೆ ಸವರುತ್ತಲೇ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅಳಿಯನ ಕಡೆ ತಿರುಗಿದಳು. ಅಭ್ಯಾಸಬಲದಿಂದ ನಾನು ನಡುವೆ ಬರಲು ಹೊರಟಿದ್ದೆ. ನನ್ನನ್ನು ದಾಟಿ ಅವಳೇ ಹೇಳಿದಳು: "ವರ್ಷಕ್ಕೊಮ್ಮೆ ಕಳಸ್ರಿ." ಭಾವ ಗಲಿಬಿಲಿಗೊಂಡು ಒಂದು ಚಪ್ಪಲಿ ಕಾಲಲ್ಲೇ ಒಳಗೆ ಬಂದು, "ಆಗ್ಲರಿ ಅತ್ತಿ," ಎಂದರು.

ಕಳಿಸಿದರು ಕೂಡ. ಯಾವ ವರ್ಷವೂ ತಪ್ಪಲಿಲ್ಲ. ಪಂಚಮಿಗೆ ಆಗದಿದ್ದರೆ ದೀಪಾವಳಿಗೆ, ಅದೂ ಆಗದಿದ್ದರೆ ಹಬ್ಬವಿಲ್ಲದ ಹಾಳು ದಿನಗಳಲ್ಲಿ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಯಾದಗಿರಿಯಲ್ಲಿ ಇಳಿಯುತ್ತಿದ್ದಳು. ಹತ್ತಿರವಿದ್ದ ನಾನು ಅಷ್ಟು ಸಲ ಹೋಗಿರಲಿಕ್ಕಿಲ್ಲ. ಹತ್ತಿರದವರ ಸ್ವಭಾವವೇ ಅದು. ಯಾವಾಗ ಬೇಕಾದರೂ ಹೋಗಬಹುದೆಂದು ಇದ್ದುಬಿಡುತ್ತೇವೆ.

ಅವ್ವ ತೀರಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಮಳೆಗಾಲದಲ್ಲಿ. ಅವಳು ಮನಸ್ಸಿನಲ್ಲೇ ಹಾಕಿದ್ದ ಲೆಕ್ಕದ ಪ್ರಕಾರ ನಾನು ಹೈದರಾಬಾದಿನಿಂದ ಹೊತ್ತೇರುವುದರೊಳಗೆ ಮುಟ್ಟಿದೆ. ಬೆಂಗಳೂರಿಗೂ ತಾರು ಹೋಗಿತ್ತು. ಹಣ್ಣಾಗಿದ್ದ ಮಾವ, ಮಗಳು ಬರಲಿ, ಸಂಜೆಯವರೆಗೆ ತಡೆಯೋಣ ಎಂದ. ಗುರಮ್ಮ ಎದ್ದು ನಿಂತು, ಕಾಯಬೇಡಿರಿ, ಹೋದಾಕೆಯೇ ಬೇಡ ಎಂದಿದ್ದಾಳೆ ಎಂದಳು. ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಬಂದೆವು.

ಮಳೆಯಿಂದ ತಾರು ಒಂದು ದಿನ ತಡವಾಗಿ ಮುಟ್ಟಿತಂತೆ. ಭಾವ ಎಲ್ಲೆಲ್ಲೋ ಓಡಾಡಿ ಅಕ್ಕನನ್ನು ಹೈದರಾಬಾದಿನ ವಿಮಾನಕ್ಕೆ ಕೂಡಿಸಿದರು. ನಮ್ಮ ವಂಶದಲ್ಲಿ ಹಾರಿದವರಲ್ಲಿ ಅವಳೇ ಮೊದಲಿಗಳು. ಆಕಾಶದ ದಾರಿ ಬೇಗ ಮುಗಿಯಿತು, ನೆಲದ್ದು ಹಾಗೆಯೇ ಇತ್ತು: ಗಾಡಿ, ವಾಡಿ, ಯಾದಗಿರಿ, ಕೆಸರು ದಾರಿಯ ಬಸ್ಸು. ಅವಳು ಶಹಾಪುರದಲ್ಲಿ ಇಳಿದಾಗ ಮೂರನೆಯ ದಿನ.

ಬಸ್ ನಿಲ್ದಾಣದಿಂದ ಅವಳನ್ನು ಕರೆತರುವಾಗ ನನಗೆ ಹೆದರಿಕೆ ಇದ್ದದ್ದು ಓಣಿಯದು. ಬಾಗಿಲಲ್ಲಿ ಕೂತ ಹೆಂಗಸರು ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ಈಗ ಬಂದೇನವ್ವಾ ಎಂಬ ಆ ಮಾತನ್ನು ನಮ್ಮ ಕಡೆ ಯಾರೂ ಬಿಡುವುದಿಲ್ಲ. ಅಳುವುದರ ಜೊತೆಗೇ ಅದೂ ಬರುತ್ತದೆ. ಗುರಮ್ಮನ ನಾಲಿಗೆಯಂತೂ ಊರಿಗೇ ಗೊತ್ತು. ಅಕ್ಕ ತಲೆ ಎತ್ತದೆ ನಡೆಯುತ್ತಿದ್ದಳು.

ಹೆಂಗಸರು ಎದ್ದು ನಿಂತರು. ಗುರಮ್ಮ ತಂಬಿಗೆಯಲ್ಲಿ ನೀರು ತಂದು ಅಕ್ಕನ ಕಾಲಿಗೆ ಹಾಕಿ, "ಬಾ ಯವ್ವ, ಬಿಸಿನೀರು ಕಾದಾವ, ಜಳಕ ಮಾಡಿ ಉಣ್ಣು," ಎಂದಳು. ಅಷ್ಟೇ. ಯಾರೂ ಏನೂ ಕೇಳಲಿಲ್ಲ. ಒಬ್ಬಳು ಅವಳ ಚೀಲ ತೆಗೆದುಕೊಂಡಳು, ಇನ್ನೊಬ್ಬಳು ಒದ್ದೆ ಸೆರಗು ಹಿಂಡಿದಳು. ಅಂಥ ಹೊತ್ತಿನಲ್ಲೂ ತಡೆಯಲಾಗದೆ ಕೇಳಿದವನು ಮಾವ ಒಬ್ಬನೇ: "ಜಹಾಜದಾಗ ಬಂದೆಂತಲ್ಲ, ಹೆಂಗಿತ್ತವಾ?" ಕೆಳಗೆ ಏನೂ ಕಾಣಲಿಲ್ಲ, ಬರೀ ಮೋಡ ಎಂದು ಅಕ್ಕ ಹೇಳಿದಳು. ನೀನು ಹೇಳಿದ ಹಾಗೆಯೇ ಎರಡು ತಾಸು ಎಂದೂ ಹೇಳಿದಳು. ಅವನು ಕಣ್ಣೊರೆಸಿಕೊಂಡ.

ಊಟಕ್ಕೆ ಕೂತಾಗ ಅಕ್ಕ, ಯಾರೂ ಯಾಕೆ ಬೈಯಲಿಲ್ಲ ಎಂದು ಮೆಲ್ಲಗೆ ಕೇಳಿದಳು. ಗುರಮ್ಮ ರೊಟ್ಟಿ ಹಾಕುತ್ತ ಸಿಡುಕಿನಿಂದಲೇ ಹೇಳಿದಳು. "ನೀ ಬೆಂಗಳೂರಿಗೆ ಹೋದ ವರ್ಷನs ನಿಮ್ಮವ್ವ ಮನಿಮನಿಗೆ ಬಂದು ನಮ್ಮ ಕೈಮ್ಯಾಲ ಕೈ ಹಾಕಿಸ್ಕೊಂಡಾಳ. ನನ್ನ ಮಗಳು ತಡ ಆಗಿ ಬರ್ತಾಳ, ಒಂದು ಮಾತು ಅಂದ್ರ ನೋಡು ಅಂದಾಳ. ಇಲ್ಲಂದ್ರ ನಾ ಸುಮ್ನ ಬಿಡ್ತಿದ್ನೇನು ನಿನ್ನ?"

ಅಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ.

ಈ ಸಂಗತಿಯನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು. ಅವಳು ಮೊಬೈಲು ತೆಗೆದು, ಹೈದರಾಬಾದು ಬೆಂಗಳೂರಿನ ಹಾರುವ ದೂರ ಸುಮಾರು ಐದುನೂರು ಕಿಲೋಮೀಟರು, ಮುತ್ಯಾ, ಜಾಹೀರಾತಿನ ಲೆಕ್ಕ ಸರಿಯಿದೆ ಎಂದಳು. ಇರಲಿ ಎಂದೆ. ಆ ಸಾಲಿನಲ್ಲಿ ನಾನು ಹುಡುಕುತ್ತಿದ್ದ ತಪ್ಪು ಸಮಯದ್ದಲ್ಲ, ನನ್ನದು. ಅಕ್ಕ ಬೆಂಗಳೂರಿನಲ್ಲಿದ್ದಾಳೆ, ಎಂಬತ್ತು ದಾಟಿದ್ದಾಳೆ, ಭಾವ ಹೋಗಿ ಬಹಳ ಕಾಲವಾಯಿತು. ನಾನು ಅವಳಲ್ಲಿಗೆ ಹೋಗಿದ್ದು ಮದುವೆಗಳಿಗೆ, ಆಪರೇಷನ್ನುಗಳಿಗೆ, ಸಾವುಗಳಿಗೆ. ಕಾರಣವಿಲ್ಲದೆ ಹೋದದ್ದು ನೆನಪಿಗೆ ಬರಲಿಲ್ಲ. ಒಂದು ಟಿಕೆಟು ತೆಗೆ ಎಂದು ಮೊಮ್ಮಗಳಿಗೆ ಹೇಳಿದೆ. ಯಾವಾಗಿನದು ಎಂದಳು. ನಾಳೆಯದು ಎಂದೆ.

ಅಕ್ಕನಿಗೆ ಫೋನು ಮಾಡಿ ಬರುತ್ತಿದ್ದೇನೆ ಎಂದಾಗ ಅವಳು ನನ್ನ ಮಾತು ಮುಗಿಯಗೊಡಲಿಲ್ಲ.

"ಯಾಕೋ? ಏನಾತು ಹೇಳು."

"ಏನೂ ಆಗಿಲ್ಲ," ಎಂದೆ. "ಅದಕ್ಕs ಬರಾಕತ್ತೇನಿ."